ಕೇಸರಿ ಬೇಳೆಯ ವಿಷವೂ ರಾಧಾಕಾಂತ ಅಡಿಗರ ಸಂಶೋಧನೆಯೂ

ಭಿವಂಡಿಯ ಮಗ್ಗಗಳಲ್ಲಿ ದುಡಿಯುವವರಲ್ಲಿ ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು ಬಹುಮಂದಿ. ಅವರ ನಾಡಿನಲ್ಲಿ ಬಡವರಿಗೆ ಚಿರಪರಿಚಿತವಾದ ಬೇಳೆಯೊಂದುಂಟು. ಹಿಂದಿಯಲ್ಲಿ ಅದು ಖೇಸಾರಿ, ಮರಾಠಿಯಲ್ಲಿ ಲಾಖ, ಕನ್ನಡದಲ್ಲಿ ಕೇಸರಿ ಬೇಳೆ. ನೋಡಲು ತೊಗರಿಬೇಳೆಯಂತಿರುವ ಈ ಧಾನ್ಯವು ಮಳೆ ಕೈಕೊಟ್ಟ ವರ್ಷದಲ್ಲಿಯೂ ಬೆಳೆಯುತ್ತದೆ. ಉಳಿದ ಪೈರೆಲ್ಲ ಒಣಗಿದಾಗ ಇದೇ ಗತಿ. ಆದರೆ ಕೆಲವು ತಿಂಗಳ ಕಾಲ ಇದನ್ನೇ ಮುಖ್ಯ ಆಹಾರವಾಗಿ ಉಂಡವರಲ್ಲಿ ಕೆಲವರ ಕಾಲುಗಳು ಬಿಗಿಯುತ್ತವೆ. ಮೊದಲು ಒಂದು ಕೋಲು, ಆಮೇಲೆ ಎರಡು, ಕಡೆಗೆ ತೆವಳುವುದು. ಬುದ್ಧಿಗೆ ಕೇಡಿಲ್ಲ, ಆದರೆ ಹೋದ ನಡಿಗೆ ಮರಳಿ ಬರುವುದಿಲ್ಲ. ಲ್ಯಾಥಿರಿಸಂ ಎಂಬ ಈ ರೋಗದ ವಿಷವನ್ನು ಬೇರ್ಪಡಿಸಿ ತೋರಿಸಿದವರಲ್ಲಿ ಕರ್ನಾಟಕದ ಜೀವರಸಾಯನ ವಿಜ್ಞಾನಿ ಪಿ. ರಾಧಾಕಾಂತ ಅಡಿಗರು (1935–2006) ಒಬ್ಬರು.

ರೋಗವೇನೋ ಹಳೆಯದು. ಮಧ್ಯಭಾರತದ ಸಾಗರ ಪ್ರಾಂತದ ಹಳ್ಳಿಗಳಲ್ಲಿ ತರುಣರು ಹೀಗೆ ಕುಂಟರಾದುದನ್ನು ಸ್ಲೀಮನ್ 1844ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಇಟಲಿಯ ಕಾಂತಾನಿ 1873ರಲ್ಲಿ ಅದಕ್ಕೆ ಇಂದಿನ ಹೆಸರನ್ನಿಟ್ಟನು. ಬೇಳೆಯೇ ಕಾರಣವೆಂಬುದು ತಿಳಿದಿದ್ದರೂ ಬೇಳೆಯೊಳಗಿನ ಯಾವ ಪದಾರ್ಥವೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ.

ಅಡಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಎಸ್. ಶರ್ಮರ ಬಳಗದಲ್ಲಿ ಕೆಲಸಮಾಡಿದರು. ಬೂಷ್ಟಿನ ಕೋಶದಲ್ಲಿ ಒಂದು ಲೋಹ ಅತಿಯಾದಾಗ ಇತರ ಲೋಹಗಳ ಬಳಕೆ ಹೇಗೆ ಕೆಡುತ್ತದೆಂಬ ಚಯಾಪಚಯದ ಪ್ರಶ್ನೆಯನ್ನು ಕುರಿತು 1961–62ರಲ್ಲಿ ಬಂದ ಲೇಖನಗಳಲ್ಲಿ ಅವರ ಹೆಸರಿದೆ. ಜಿ. ಪದ್ಮನಾಭನ್, ಎಸ್. ಎಲ್. ಎನ್. ರಾವ್ ಮತ್ತು ಶರ್ಮರೊಡನೆ ಕೇಸರಿ ಬೇಳೆಯ ವಿಷಾಂಶವನ್ನು ಬೇರ್ಪಡಿಸಿದ ವರದಿ 1962ರಲ್ಲಿ ಪ್ರಕಟವಾಯಿತು. 1964ರಲ್ಲಿ ರಾವ್, ಅಡಿಗ, ಶರ್ಮ ಈ ಮೂವರು ಆ ಪದಾರ್ಥದ ರಚನೆಯನ್ನೇ ನಿರ್ಧರಿಸಿದರು. ಅದೊಂದು ಅಮೈನೋ ಆಮ್ಲ, ಸಂಕ್ಷೇಪನಾಮ ಓಡಿಎಪಿ. ಅದೇ ವರ್ಷ ದೆಹಲಿಯ ಇನ್ನೊಂದು ತಂಡವೂ ಸ್ವತಂತ್ರವಾಗಿ ಇದೇ ಪದಾರ್ಥವನ್ನು ಕಂಡಿತು.

ಈ ವಿಷವನ್ನು ಎಳೆಯ ಕೋಳಿಮರಿಗಳಿಗೆ ಚುಚ್ಚಿದಾಗ ನರಪೀಡೆಯ ಲಕ್ಷಣಗಳು ತೋರಿದವು. ಬೆಳೆದ ಪ್ರಾಣಿಗಳು ಸುಲಭವಾಗಿ ಬಾಗಲಿಲ್ಲ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಪ್ರಾಯದ ದೇಹವು ಇಟ್ಟಿರುವ ತಡೆ ಇದಕ್ಕೆ ಕಾರಣವೆಂದು ತಿಳಿಯಲಾಯಿತು. ಓಡಿಎಪಿಯು ನರಕೋಶಗಳು ಸಂದೇಶ ಸಾಗಿಸಲು ಬಳಸುವ ಗ್ಲುಟಮೇಟನ್ನು ಹೋಲುತ್ತದೆ. ಅದರ ಸ್ಥಾನದಲ್ಲಿ ಕುಳಿತು ಕೋಶವನ್ನು ಅತಿಯಾಗಿ ಕೆರಳಿಸುತ್ತದೆ. ಮಿದುಳಿನ ಕೋಶದಲ್ಲಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯದ ಒಂದು ಕಿಣ್ವವನ್ನೂ ಅದು ಅಡಗಿಸುತ್ತದೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮೀ ರವೀಂದ್ರನಾಥರ ತಂಡ 1993ರಲ್ಲಿ ತೋರಿಸಿತು. ಹೀಗೆ ನರರೋಗದ ಬೇರು ಚಯಾಪಚಯದಲ್ಲಿಯೂ ಇಳಿದಿದೆಯೆಂಬುದು ಸ್ಪಷ್ಟವಾಯಿತು.

ಅಡಿಗರು ಮುಂದೆ ಕೈಕೊಂಡ ವಿಷಯ ಬೇರೆಯಾದರೂ ಪ್ರಶ್ನೆಯ ಜಾತಿ ಒಂದೇ: ಯಾವ ಅಣು ಯಾವ ಬಾಗಿಲನ್ನು ಹೇಗೆ ದಾಟುತ್ತದೆ? ಕೋಳಿಯು ಬಿ2 ಜೀವಸತ್ತ್ವವನ್ನು ಮೊಟ್ಟೆಗೆ ಸಾಗಿಸಲು ಒಂದು ವಾಹಕ ಪ್ರೋಟೀನನ್ನು ಹೊಂದಿದೆ. ಅದು ಹುಟ್ಟಿನಿಂದಲೇ ಇಲ್ಲದ ಕೋಳಿಯ ಮೊಟ್ಟೆಯಲ್ಲಿ ಭ್ರೂಣವು ಬದುಕುವುದಿಲ್ಲ. ಬಸಿರಿಯಾದ ಇಲಿಯ ರಕ್ತದಲ್ಲಿಯೂ ಅಂತಹ ವಾಹಕವಿರುವುದನ್ನು ಅಡಿಗರೂ ಅವರ ಶಿಷ್ಯರೂ 1980ರಲ್ಲಿ ವರದಿಮಾಡಿದರು. ಅದಕ್ಕೆ ವಿರುದ್ಧವಾದ ರೋಗನಿರೋಧಕ ಶಕ್ತಿಯನ್ನು ಹುಟ್ಟಿಸಿದರೆ ಗರ್ಭ ನಿಲ್ಲುವುದಿಲ್ಲವೆಂದು 1982ರಲ್ಲಿ ತೋರಿಸಿದರು. 1980ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು.

ಬೇಳೆಯ ಕಥೆಗೆ ಮರಳಿದರೆ, ಭಾರತ ಸರ್ಕಾರವು ಅದರ ಮಾರಾಟವನ್ನು ನಿಷೇಧಿಸಿದ್ದು 1961ರಲ್ಲಿ, ವಿಷ ಯಾವುದೆಂದು ತಿಳಿಯುವುದಕ್ಕೂ ಮೊದಲೇ. ಆದರೆ ನಿಷೇಧವು ಅಂಗಡಿಗೆ ಅನ್ವಯಿಸಬಲ್ಲದೇ ಹೊರತು, ಹಸಿದವನ ಗಡಿಗೆಗೆ ಅಲ್ಲ. ಮಧ್ಯ ಪ್ರದೇಶದ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯೆಂದು ಅಳೆದುಕೊಟ್ಟದ್ದು ಇದೇ ಧಾನ್ಯ. ಕೂಲಿಯೇ ವಿಷವಾದಲ್ಲಿ ಕಾಯಿದೆಯೊಂದರಿಂದ ಪರಿಹಾರವಾಗದು. ಇನ್ನೊಂದು ದಾರಿಯನ್ನು ತೆರೆದದ್ದು ರಸಾಯನ. ವಿಷದ ಹೆಸರು, ರಚನೆ ತಿಳಿದ ಮೇಲೆ ಅದನ್ನು ಅಳೆಯುವುದು ಸಾಧ್ಯವಾಯಿತು. ಅಡಿಗರ ಸಹಸಂಶೋಧಕ ರಾವ್ ಅವರೇ 1978ರಲ್ಲಿ ಸೂಕ್ಷ್ಮವಾದ ಅಳತೆಯ ವಿಧಾನವನ್ನು ಕೊಟ್ಟರು. ಅಳೆಯಲು ಬಂದ ಮೇಲೆ, ಕಡಿಮೆ ವಿಷದ ಗಿಡಗಳನ್ನು ಆರಿಸಿ ತಳಿಮಾಡುವುದು ಸಾಧ್ಯವಾಯಿತು. ರತನ್, ಪ್ರತೀಕ್, ಮಹಾತಿವಡಾ ಎಂಬ ತಳಿಗಳು ಈ ದಾರಿಯ ಫಲಗಳು. ಬೇಳೆಯನ್ನು ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿದರೆ ವಿಷದ ಬಹುಭಾಗ ಹೋಗುತ್ತದೆಂಬ ಮನೆಮಾತಿನ ಅರಿವಿಗೂ ಇದರಿಂದ ಪ್ರಮಾಣ ದೊರೆಯಿತು. ಆದರೆ ಬರಗಾಲದಲ್ಲಿ ಚೆಲ್ಲಲು ನೀರೆಲ್ಲಿ, ಬೇಯಿಸಲು ಸೌದೆಯೆಲ್ಲಿ?

ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕೆಲವು ಎಳೆಯ ಕೋಳಿಮರಿಗಳನ್ನು ನೋಡುತ್ತ ನಡೆದ ಕೆಲಸವು ಗಂಗಾತೀರದ ಕೂಲಿಯ ಕಾಲಿಗೆ ಸಂಬಂಧಿಸಿದ್ದು. ಅಡಿಗರ ಬಳಗವು ತನ್ನ ಪಾಲನ್ನು ಪೂರೈಸಿತು. ಆ ಕೂಲಿಗೆ ಬೇರೆ ಅನ್ನವನ್ನು ಒದಗಿಸುವುದು ರಸಾಯನದ ಕೆಲಸವಲ್ಲ, ಸಮಾಜದ್ದು.