ಪರೀಕ್ಷೆಗೆ ಫೋನೇ ಮೇಷ್ಟ್ರು: ಎಷ್ಟು ನಂಬೋದು?

ಮೈಸೂರಿನ ಯಾದವಗಿರಿಗೂ ನಮ್ಮ ಸೀಮೆ ರೈತರ ಕಲಿಕೆಗೂ ಹಳೆಯ ನಂಟು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಸ್ವಂತ ಬಾನುಲಿ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಹೊತ್ತಿದ್ದು ಅದೇ. ಈಗಿನ ಯಾದವಗಿರಿಯ ಆಕಾಶವಾಣಿ ನಿಲಯ ಆ ಮನೆಯಿಂದ ಕೂಗಳತೆ ದೂರ. ಭತ್ತದ ಬೆಂಕಿ ರೋಗ, ಹಸುವಿನ ಕೆಚ್ಚಲು ಬಾವು, ಬಾಳೆಯ ಗೆಡ್ಡೆಕೊಳೆ - ಇವುಗಳ ಬಗ್ಗೆ ಮೊದಲ ಪಾಠವನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿದ್ದು ರೇಡಿಯೋದಿಂದಲೇ. ಹಾಲು ಕರೆಯುತ್ತಾ ಕೇಳಿದ್ದೇವೆ, ನೀರು ಕಟ್ಟುತ್ತಾ ಕೇಳಿದ್ದೇವೆ.

ಬಾನುಲಿ ಮೇಷ್ಟ್ರದ್ದು ಒಂದೇ ತೊಂದರೆ. ಮಧ್ಯದಲ್ಲಿ ತಡೆದು "ಸ್ವಾಮಿ, ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನೋ ಹಾಗಿಲ್ಲ. ಕಾರ್ಡು ಬರೆದು ಕಾಯಬೇಕಿತ್ತು. ಈಗ ಮೊಬೈಲಿನೊಳಗೆ ಇನ್ನೊಬ್ಬ ಮೇಷ್ಟ್ರು ಬಂದು ಕೂತಿದ್ದಾನೆ. ಎಷ್ಟು ಸಲ ತಡೆದರೂ ಬೇಸರವಿಲ್ಲ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಎಐ ಮೇಷ್ಟ್ರು ಅಂತಲೇ ಕರೆಯೋಣ. ನಮ್ಮ ಬೀದಿಯಲ್ಲಿ ಒಂದು ತಿಂಗಳು ಇವನ ಪಾಠ ನಡೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ರೈತರಿಗೆ ಈ ವಯಸ್ಸಲ್ಲಿ ಎಂಥ ಪರೀಕ್ಷೆ ಅಂತ ನೀವು ಕೇಳಬಹುದು. ಈಗ ಎಲ್ಲದಕ್ಕೂ ಸರ್ಟಿಫಿಕೇಟು ಬೇಕು. ಗೊಬ್ಬರ, ಔಷಧಿ ಅಂಗಡಿಯವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲೇ ಶುರು ಮಾಡಿದ 'ದೇಸಿ' ಡಿಪ್ಲೊಮಾ ಇದೆ, ಒಂದು ವರ್ಷದ್ದು. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರಿಗೆ ಆಹಾರ ಸುರಕ್ಷತೆಯ ತರಬೇತಿ. ಇನ್ನು ಡ್ರೋನು. 2021ರ ಡ್ರೋನ್ ನಿಯಮದ ಪ್ರಕಾರ ಔಷಧಿ ಹೊಡೆಯುವ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟು ಬೇಕು. ಅದಕ್ಕೆ 18 ತುಂಬಿರಬೇಕು, 65 ದಾಟಿರಬಾರದು, ಹತ್ತನೇ ಕ್ಲಾಸು ಪಾಸಾಗಿರಬೇಕು. ಒಪ್ಪಿಗೆ ಪಡೆದ ತರಬೇತಿ ಶಾಲೆಯಲ್ಲಿ ಕಲಿತು, ಅಲ್ಲಿನ ಪರೀಕ್ಷೆ ಪಾಸು ಮಾಡಬೇಕು. ಒಮ್ಮೆ ಸಿಕ್ಕಿದರೆ ಹತ್ತು ವರ್ಷಕ್ಕೆ ಚಾಲ್ತಿ.

ಮಹಿಳಾ ಸಂಘಗಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ 'ನಮೋ ಡ್ರೋನ್ ದೀದಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಸಂಘಗಳಿಗೆ ಡ್ರೋನು, ಬೆಲೆಯಲ್ಲಿ ನೂರಕ್ಕೆ 80ರಷ್ಟು ಸಹಾಯಧನ, ಹೆಚ್ಚೆಂದರೆ 8 ಲಕ್ಷ. ಸಂಘದ ಒಬ್ಬಳಿಗೆ 15 ದಿನದ ತರಬೇತಿ: ಹಾರಿಸುವುದಕ್ಕೆ 5 ದಿನ, ಗೊಬ್ಬರ-ಔಷಧಿ ಹೊಡೆಯುವುದಕ್ಕೆ 10 ದಿನ. ನಮ್ಮ ಬೀದಿಯ ಸೊಸೆಯೊಬ್ಬಳು ಯಾವ ಯೋಜನೆಗೂ ಕಾಯದೆ, ಸಂಘದ ಸಾಲದಲ್ಲಿ ಫೀಜು ಕಟ್ಟಿ ತರಬೇತಿಗೆ ಹೆಸರು ಕೊಟ್ಟಳು. ಹತ್ತನೇ ಕ್ಲಾಸು ಕನ್ನಡ ಮಾಧ್ಯಮ, ಓದು ಬಿಟ್ಟು ಹನ್ನೊಂದು ವರ್ಷ. ಕೈಗೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷು. ಫೇಲಾದರೆ ಫೀಜಂತೂ ಹೋಯ್ತು, ಸಾಲ ಹಾಗೇ ಉಳೀತದೆ. "ಸಂಘದೋರ ಮುಂದೆ ಹೆಂಗೆ ಮಖ ತೋರ್ಸೋದು ಮಾವ" ಅನ್ನೋದು ಅವಳ ದೊಡ್ಡ ಚಿಂತೆ.

ಅವಳು ಮಾಡಿದ್ದು ಇಷ್ಟು. ಪುಸ್ತಕದ ಒಂದೊಂದೇ ಪುಟದ ಫೋಟೋ ತೆಗೆದು ಫೋನಿಗೆ ಕೊಟ್ಟು "ಇದನ್ನ ನಮ್ಮ ಕನ್ನಡದಲ್ಲಿ ಹೇಳು" ಅಂದಳು. ಮೊದಲ ದಿನ ಬಂದದ್ದು ಸರ್ಕಾರಿ ಸುತ್ತೋಲೆಯ ಕನ್ನಡ. ಹನಿಗಳ 'ಪಾರ್ಶ್ವ ವಿಚಲನೆ' ಅಂತಿತ್ತು. ಇಬ್ಬರೂ ನಕ್ಕೆವು. "ನಾನು ಹೊಲ ಮಾಡೋಳು, ಹೊಲದ ಮಾತಲ್ಲಿ ಹೇಳು" ಅಂತ ಬರೆದಳು. ಆಗ ಉತ್ತರದ ವರಸೆಯೇ ಬದಲಾಯಿತು. "ಭತ್ತ ತೂರುವಾಗ ಕಾಳು ಹತ್ತಿರ ಬೀಳುತ್ತದೆ, ಜೊಳ್ಳು ಗಾಳಿಗೆ ದೂರ ಹೋಗುತ್ತದೆ. ಡ್ರೋನಿನ ಹನಿಯೂ ಹಾಗೇ. ಹನಿ ಸಣ್ಣದಾದಷ್ಟೂ ಪಕ್ಕದ ಹೊಲಕ್ಕೆ ಹೋಗುತ್ತದೆ." ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಲಾರೆ. ಆ ಪಾಠ ಅವಳಿಗೆ ಮತ್ತೆ ಮರೆಯಲಿಲ್ಲ.

"ತರಬೇತೀಲಿ ಸಾರ್‌ನ ಮೂರು ಸಲ ಕೇಳೋಕೆ ನಾಚ್ಕೆ ಆಯ್ತದೆ. ಇದನ್ನ ಮೂವತ್ತು ಸಲ ಕೇಳುದ್ರೂ ಬೈಯಲ್ಲ" ಅಂದಳು. ಮಕ್ಕಳು ಮಲಗಿದ ಮೇಲೆ, ರಾತ್ರಿ ಹತ್ತರ ನಂತರ ಪಾಠ. ಯಾವ ಕೋಚಿಂಗಿನವರು ಆ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತಾರೆ?

ಆದರೆ ತಪ್ಪೂ ಹೇಳುತ್ತದೆ. ಅದೂ ಅನುಮಾನವೇ ಬರದ ಧಾಟಿಯಲ್ಲಿ.

ಭತ್ತದ 'ಬ್ಲಾಸ್ಟ್' ರೋಗವನ್ನು 'ಸ್ಫೋಟ ರೋಗ' ಅಂತ ಕನ್ನಡ ಮಾಡಿತು. ಬೆಂಕಿ ರೋಗ ಅಂತ ತಿದ್ದಿದ ಮೇಲೆ "ಸರಿಯಾಗಿ ಹೇಳಿದಿರಿ" ಅಂತ ಹೊಗಳಿತು. ಇದು ನಗುವ ತಪ್ಪು. ಇನ್ನೊಂದು ನಗುವಂಥದ್ದಲ್ಲ. ಒಂದು ಔಷಧಿಯ ಪ್ರಮಾಣ ಕೇಳಿದಾಗ ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಹೇಳಿಬಿಟ್ಟಿತು. ಒಂದು ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಅಂದರೆ ಎರಡೂವರೆ ಪಟ್ಟು ಔಷಧಿ! ಡಬ್ಬದ ಚೀಟಿ ತಂದು ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ಗೊತ್ತಾಯಿತು.

ಮೂರನೆಯದು ನಮ್ಮ ಸೀಮೆಗೆ ಬಹಳ ಮುಖ್ಯ. ನಮ್ಮಲ್ಲಿ ಭತ್ತದ ಗದ್ದೆಯ ಬದುವಿಗೇ ಹಿಪ್ಪುನೇರಳೆ ತೋಟ. ಔಷಧಿ ತಗುಲಿದ ಸೊಪ್ಪು ಹಾಕಿದರೆ ರೇಷ್ಮೆ ಹುಳ ಉಳಿಯುವುದಿಲ್ಲ. ಗೂಡು ಕಟ್ಟುವ ಹೊತ್ತಿಗೆ ಹೀಗಾದರೆ ಆ ಮನೆಯ ಒಂದು ಬೆಳೆಯೇ ಮುಗಿದಂತೆ. ಡ್ರೋನಿನಲ್ಲಿ ಹೊಡೆಯುವಾಗ ಏನೇನು ಎಚ್ಚರ ಬೇಕು ಅಂತ ಕೇಳಿದರೆ ಮೇಷ್ಟ್ರು ಜೇನು ಹೇಳಿದ, ಕೆರೆ ಹೇಳಿದ, ದನಕರು ಹೇಳಿದ. ರೇಷ್ಮೆ ಹುಳದ ಸುದ್ದಿಯೇ ಇಲ್ಲ. ನಾವೇ ಎತ್ತಿದ ಮೇಲೆ ಚೆನ್ನಾಗಿಯೇ ವಿವರಿಸಿದ. ಆದರೆ "ಪಕ್ಕದವರ ಹುಳ ಮೂರನೇ ಜ್ವರಕ್ಕೆ ಕೂತಿವೆ" ಅಂದಾಗ ಜ್ವರ ಇಳಿಯಲು ಏನು ಮಾಡಬೇಕು ಅಂತ ಶುರು ಮಾಡಿದ! ಹುಳ ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾಗದ್ದಕ್ಕೆ ಕಾರಣ ಇದೆ. ಈ ಯಂತ್ರಕ್ಕೆ ಹೊಲ ಗೊತ್ತಿಲ್ಲ, ಓದಿದ್ದು ಗೊತ್ತು. ರಾಶಿ ರಾಶಿ ಬರಹ ತಿಂದು, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಅಂದಾಜು ಮಾಡಿ ಜೋಡಿಸುತ್ತಾ ಹೋಗುತ್ತದೆ. ಇಂಗ್ಲಿಷಿನ ರಾಶಿ ಬೆಟ್ಟದಷ್ಟು, ಕನ್ನಡದ್ದು ಮೊರದಷ್ಟು. ಅದರಲ್ಲೂ ರೈತರ ಮಾತು ಬರಹಕ್ಕೆ ಬಂದದ್ದೇ ಕಡಿಮೆ. ಅದಕ್ಕೇ ನಮ್ಮ ಮಾತು ಬೇಕಾಗಿ ಕಂಪನಿಗಳು ಹಳ್ಳಿಗೂ ಬಂದಿವೆ. ಬೆಂಗಳೂರಿನ 'ಕಾರ್ಯ' ಅನ್ನೋ ಸಂಸ್ಥೆಗಾಗಿ ಚಾಮರಾಜನಗರದ ಕಡೆಯ ಹೆಣ್ಣುಮಕ್ಕಳು ಫೋನಿನಲ್ಲಿ ಕನ್ನಡ ವಾಕ್ಯ ಓದಿ ಹೇಳಿ ಕೂಲಿ ಪಡೆದದ್ದು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯಲ್ಲೂ ಬಂತು. ನಮ್ಮ ಮಾತಿಗೂ ಬೆಲೆ ಇದೆ ಅಂತಾಯ್ತಲ್ಲ!

ಇನ್ನೊಂದು ಅಪಾಯ ಕಲಿಯುವವರ ಕಡೆಯದೇ. ಟರ್ಕಿ ದೇಶದ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಪ್ರಯೋಗ ಮಾಡಿದರು, ವರದಿ 2025ರಲ್ಲಿ ಪ್ರಕಟವಾಯಿತು. ಗಣಿತದ ಅಭ್ಯಾಸಕ್ಕೆ ಎಐ ಕೈಗೆ ಕೊಟ್ಟಾಗ ಮಕ್ಕಳು ನೂರಕ್ಕೆ 48ರಷ್ಟು ಚೆನ್ನಾಗಿ ಲೆಕ್ಕ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದೇ ಇದ್ದ ಮಕ್ಕಳಿಗಿಂತ ನೂರಕ್ಕೆ 17ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ, ಮೇಷ್ಟ್ರುಗಳು ಬರೆದುಕೊಟ್ಟ ಸುಳಿವು ಮಾತ್ರ ಕೊಡುವ ಹಾಗೆ ಕಟ್ಟಿದ್ದ ಇನ್ನೊಂದು ಎಐಯಿಂದ ಕಲಿತ ಮಕ್ಕಳಿಗೆ ಈ ನಷ್ಟ ಹೆಚ್ಚುಕಮ್ಮಿ ಆಗಲಿಲ್ಲ. ಯಂತ್ರ ಒಂದೇ ಥರದ್ದು, ಬಳಸಿದ ರೀತಿ ಬೇರೆ. ಈಗ ಕಂಪನಿಗಳೂ ಸುಳಿವು ಕೊಟ್ಟು ಕಲಿಸುವ ಬಗೆಯನ್ನು ಬೇರೆಯಾಗಿಯೇ ಇಟ್ಟಿವೆ. ಚಾಟ್‌ಜಿಪಿಟಿಯಲ್ಲಿ 2025ರ ಜುಲೈಯಿಂದ, ಗೂಗಲಿನ ಜೆಮಿನಿಯಲ್ಲಿ ಆಗಸ್ಟಿನಿಂದ ಅದು ಸಿಗುತ್ತಿದೆ.

ಸೊಸೆ ಇದನ್ನು ತಾನಾಗಿಯೇ ಕಂಡುಕೊಂಡಳು. ಎರಡನೇ ವಾರದಿಂದ ಉತ್ತರ ಕೇಳುವುದನ್ನು ಬಿಟ್ಟು "ನೀನು ಪ್ರಶ್ನೆ ಕೇಳು, ನಾನು ಹೇಳ್ತೀನಿ, ತಪ್ಪಾದ್ರೆ ಯಾಕೆ ತಪ್ಪು ಅಂತ ಮಾತ್ರ ಹೇಳು" ಅಂತ ತಿರುಗಿಸಿದಳು. ದಿನಕ್ಕೆ ಹತ್ತು ಪ್ರಶ್ನೆ. ತಪ್ಪಿದ್ದನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯೋದು, ಮೂರು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿಸಿಕೊಳ್ಳೋದು. ಇಂಗ್ಲಿಷ್ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಗಟ್ಟಿ ಮಾಡಿದಳು. ಪರೀಕ್ಷೆಯಲ್ಲಿ ಬರುವುದು ಅದೇ ತಾನೆ.

ಪ್ರಶ್ನೆ ಕೇಳುವ ರೀತಿಯೂ ಕಲಿಯಬೇಕಾದದ್ದೇ. "ಡ್ರೋನು ಎಷ್ಟು ಎತ್ತರ ಹಾರಿಸಬಹುದು" ಅಂದರೆ "400 ಅಡಿ" ಅಂತ ಉತ್ತರ. ನಮ್ಮೂರು ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಅಂತ ಸೇರಿಸಿದ ಮೇಲೆ ಅದೇ ಮೇಷ್ಟ್ರು "ಹಾಗಾದರೆ 200 ಅಡಿ" ಅಂದ. ಅದು ಸರಿ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಹಸಿರು ವಲಯ ಇರುವುದು 200 ಅಡಿವರೆಗೆ ಮಾತ್ರ. ಊರು, ಬೆಳೆ, ಕಾಲ, ಅಕ್ಕಪಕ್ಕ ಏನಿದೆ - ಇಷ್ಟನ್ನೂ ಹೇಳದೆ ಕೇಳಿದರೆ ಎಲ್ಲಿಯದೋ ಉತ್ತರ ಬರುತ್ತದೆ. ಹಾರಿಸುವ ದಿನ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು, ಫೋನು ಮೇಷ್ಟ್ರ ಮಾತು ಅಲ್ಲಿ ನಡೆಯುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಬಾಯಿಪಾಠ, ಅರ್ಥ ವಿವರಣೆ, ಅಭ್ಯಾಸದ ಪ್ರಶ್ನೆ - ಇದಕ್ಕೆಲ್ಲ ಈ ಮೇಷ್ಟ್ರು ಸಲೀಸು. ಆದರೆ ಪ್ರಮಾಣ, ಕಾನೂನು, ದುಡ್ಡು ಈ ಮೂರರಲ್ಲಿ ಅವನ ಮಾತನ್ನು ಇನ್ನೊಂದು ಕಡೆ ನೋಡದೆ ಒಪ್ಪಬಾರದು. ಆಕಾಶವಾಣಿಯಲ್ಲಿ ಮಾತಾಡುವವರು ಮೊದಲು ಹೆಸರು ಹೇಳುತ್ತಾರೆ. ಯಾವ ಕೇಂದ್ರದವರು, ಏನು ಓದಿದವರು ಅಂತ ಗೊತ್ತಿರುತ್ತದೆ. ಎಡವಟ್ಟಾದರೆ ಯಾದವಗಿರಿಗೆ ಬಸ್ಸು ಹತ್ತಿ ಹೋಗಿ "ಯಾರ್ರೀ ಹೇಳಿದ್ದು" ಅಂತ ಕೇಳಬಹುದು. ಎಐ ಮೇಷ್ಟ್ರ ಹೆಸರಿಗೆ ಬಾಗಿಲೂ ಇಲ್ಲ, ಬೀದಿಯೂ ಇಲ್ಲ. ಪಕ್ಕದವನ ಹುಳ ಸತ್ತರೆ ಜಗಳಕ್ಕೆ ನಿಲ್ಲಬೇಕಾದವಳು ಸರ್ಟಿಫಿಕೇಟಿನಲ್ಲಿ ಹೆಸರಿರುವ ಹೆಣ್ಣುಮಗಳೇ ಹೊರತು ಫೋನಲ್ಲ.

ಇನ್ನೊಂದು ಕಡೆ ಅಂದರೆ ಎಲ್ಲಿ? ಔಷಧಿಗೆ ಡಬ್ಬದ ಚೀಟಿಯೇ ಮೊದಲು. ಡ್ರೋನಿನಲ್ಲಿ ಹೊಡೆಯುವ ಕ್ರಮಕ್ಕೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಕಾರ್ಯವಿಧಾನ ಹೊರಡಿಸಿದೆ, ಅದರ ಪ್ರತಿ ಇಟ್ಟುಕೊಳ್ಳಿ. ರೇಷ್ಮೆಯ ಅನುಮಾನಕ್ಕೆ ಮೈಸೂರಿನಲ್ಲೇ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಬೆಳೆಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಕೇಳಬಹುದು, ಕಾಸಿಲ್ಲ. ಹಾಗೇ ಆಧಾರ್, ಪಾಸ್‌ಬುಕ್ಕು, ಪಹಣಿಯ ಫೋಟೋ ಯಾವ ಕಾರಣಕ್ಕೂ ಎಐ ಮೇಷ್ಟ್ರಿಗೆ ತೋರಿಸಬೇಡಿ. ಪಾಠಕ್ಕೆ ಅದು ಬೇಕಾಗಿಲ್ಲ.

ಸೊಸೆ ಲಿಖಿತ ಪರೀಕ್ಷೆ ಮೊದಲ ಸಲಕ್ಕೇ ಪಾಸಾದಳು. ಹಾರಿಸುವುದನ್ನು ಮಾತ್ರ ಯಾವ ಫೋನೂ ಕಲಿಸಲಿಲ್ಲ. ಗಾಳಿಗೆ ಡ್ರೋನು ವಾಲಿದಾಗ ಬೆರಳು ಎಷ್ಟು ಒತ್ತಬೇಕು ಅನ್ನೋದಕ್ಕೆ ತರಬೇತಿ ಮೈದಾನದಲ್ಲಿ ಬಿಸಿಲಲ್ಲೇ ನಿಂತಳು. ಈಗ ಅವಳ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದ ಇನ್ನೂರಕ್ಕೂ ಹೆಚ್ಚು ಪ್ರಶ್ನೋತ್ತರ ಇವೆ, ತರಬೇತುದಾರರೊಬ್ಬರು ನೋಡಿ ತಿದ್ದಿಕೊಟ್ಟದ್ದು. ಪಕ್ಕದೂರಿನ ಇಬ್ಬರು ಹೆಣ್ಣುಮಕ್ಕಳು ಅದರ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಬರೆದರೆ ಕಳಿಸುವ ಏರ್ಪಾಡು ಮಾಡಬಹುದು, ಅಂಚೆ ಖರ್ಚು ನಿಮ್ಮದು.