ಸೂಟಿಯೊಳಗೊಂದು ಓದಿನ ಮನೆ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಮೇ ಕೊನೆಗೆ. ಕಮಲಾಪುರದ ಕಡೆ ಆಗ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ. ಸರಾಗ ಓದುವ ಮಕ್ಕಳಿಗೆ ಈ ಸೂಟಿಯಿಂದ ನಷ್ಟವೇನಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವವರಿಗೆ ಮಾತ್ರ ಮಾರ್ಚ್‌ನಲ್ಲಿ ಕೈಗೆ ಹತ್ತಿದ್ದು ಜೂನ್‌ಗೆ ಜಾರಿರುತ್ತದೆ. ತಾಂಡಾಗಳಲ್ಲಿ ಲಂಬಾಣಿ, ಕೆಲವು ಮನೆಗಳಲ್ಲಿ ದಖನಿ ಉರ್ದು. ಶಾಲೆ ಮುಚ್ಚಿದರೆ ಕನ್ನಡ ಕಿವಿಗೆ ಬೀಳುವುದೂ ಕಡಿಮೆ.

ಇಂಥ ಮಕ್ಕಳಿಗೆ ಊರಲ್ಲೇ ಇರುವ ಆಸರೆ ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅದರ ಹೆಸರು ‘ಅರಿವು ಕೇಂದ್ರ’. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷದ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದವರಿಗೆ ಸದಸ್ಯತ್ವವನ್ನು ಉಚಿತ ಮಾಡಿತು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚಿವೆ. ಹಿರಿಯರು ಪೇಪರ್ ಓದಲು ಬರುತ್ತಿದ್ದ ಕೋಣೆಗಳಲ್ಲಿ ಈಗ ಮಕ್ಕಳ ಬೇಸಿಗೆ ಶಿಬಿರಗಳೂ ನಡೆಯುತ್ತವೆ.

ಮಗು ಎಲ್ಲಿ ಎಡವುತ್ತದೆ ಎಂದು ತಿಳಿಯಲು ಐದು ನಿಮಿಷ ಸಾಕು. ಪ್ರಥಮ್ ಸಂಸ್ಥೆ ಬಳಕೆಗೆ ತಂದ ಕ್ರಮ ಸರಳ: ಮೊದಲು ಅಕ್ಷರ, ಆಮೇಲೆ ಪದ, ನಾಲ್ಕು ಸಾಲು, ಕೊನೆಗೆ ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ‘ಬಸವ’, ‘ಕಮಲ’ ತಡೆಯಿಲ್ಲದೆ ಬರುತ್ತವೆ. ‘ಗೂಡು’, ‘ಗೋಡೆ’ ಅದಲುಬದಲಾಗುತ್ತವೆ. ‘ಹೊಲಕ್ಕೆ’ ಬಂದಾಗ ಬೆರಳು ನಿಲ್ಲುತ್ತದೆ. ‘ಹೊ, ಲ, ಕೆ’ ಎಂದು, ಕೆಳಗಿನ ಒತ್ತನ್ನು ನೋಡದವರಂತೆ ದಾಟಿಬಿಡುತ್ತಾರೆ. ಐದನೇ ತರಗತಿಯಲ್ಲೂ ಇಂಥವರಿದ್ದಾರೆ. ಅವರಿಗೆ ಬೇಕಾದದ್ದು ಪುಟಕ್ಕೆ ಎರಡೇ ಸಾಲಿರುವ ಪುಸ್ತಕ. ದೊಡ್ಡವರು ಒಂದು ಸಾಲು ಓದಬೇಕು, ಮಗು ಬೆರಳಿಟ್ಟು ಅದನ್ನೇ ಓದಬೇಕು, ಮೂರನೇ ಸಲ ಒಂಟಿಯಾಗಿ. ನಾಳೆಗೂ ಅದೇ ಪುಸ್ತಕ ಇರಲಿ, ಬಾಯಿಪಾಠವಾಯಿತೆಂದು ಗದರಬೇಡಿ.

ಐದನೆಯ ತರಗತಿಯವನು ಎರಡನೆಯದರ ಪುಸ್ತಕ ಹಿಡಿಯಲು ಶಾಲೆಯ ದಿನಗಳಲ್ಲಿ ಬಿಡುವೆಲ್ಲಿ? ಪಠ್ಯ ಮುಗಿಸುವ ಆತುರ ಶಿಕ್ಷಕರ ಬೆನ್ನಿಗಿರುತ್ತದೆ. ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ತಿಂಗಳ ಶಿಬಿರ ನಡೆಸಿದಾಗ ಮಕ್ಕಳ ಓದು ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಶಾಲೆ ಶುರುವಾದ ಮೇಲೆ ಬರೀ ತರಬೇತಿ, ಸಾಮಗ್ರಿ ಕೊಟ್ಟಲ್ಲಿ ಆ ಫಲ ಸಿಗಲಿಲ್ಲ. ಸೂಟಿ ಓದನ್ನು ಕೆಡಿಸುತ್ತದೆ ಎನ್ನುವವರು ಇದನ್ನೂ ಗಮನಿಸಬೇಕು.

ನನ್ನ ತಕರಾರು ಶಿಬಿರಗಳ ಬಗ್ಗೆಯೇ. ಚಿತ್ರಕಲೆ, ಹಾಡು, ಬಹುಮಾನ ಎಲ್ಲ ಬೇಕು, ಆದರೆ ಓದಲು ಬಾರದ ಹುಡುಗ ಅಲ್ಲಿಯೂ ಹಿಂದಿನ ಸಾಲಲ್ಲೇ ಕೂರುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇನ್ನೊಂದು ಕಾಲಂ ಎಳೆದು, ಮೊದಲ ದಿನ ಎಲ್ಲಿದ್ದ, ಕೊನೆಯ ದಿನ ಎಲ್ಲಿಗೆ ಮುಟ್ಟಿದ ಎಂದು ಗ್ರಂಥಾಲಯದ ಮೇಲ್ವಿಚಾರಕರು ಬರೆದಿಡಲಿ. ಜೂನ್‌ನಲ್ಲಿ ಆ ಹಾಳೆ ಶಾಲೆಯ ಮೇಷ್ಟ್ರ ಕೈಗೆ ಹೋಗಲಿ.