ಮಳೆಯ ಲೆಕ್ಕವೂ ಊರಿನ ರಕ್ಷಣೆಯೂ

ಕೊಡಗಿನ ದಕ್ಷಿಣದ ಅಂಚಿನಲ್ಲಿ ಕುಟ್ಟವೆಂಬ ಊರುಂಟು. ಒಂದು ಕಡೆ ಬ್ರಹ್ಮಗಿರಿಯ ಸಾಲು, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಮುಂದಿನ ರಸ್ತೆ ತೋಲ್ಪೆಟ್ಟಿಯ ಮಾರ್ಗವಾಗಿ ವಯನಾಡಿಗೆ ಹೋಗುತ್ತದೆ. ಕೊಡಗಿನ ಕಾಫಿಯ ತೋಟಗಳಲ್ಲಿ ಹಳೆಯದೊಂದು ವಾಡಿಕೆಯಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನಳೆದು, ಇಷ್ಟು ಇಂಚು ಮಳೆಯಾಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದನ್ನು ಅವಲಂಬಿಸಿ ವರ್ಷದ ಫಸಲು ನಿಂತಿರುವುದೇ ಇದಕ್ಕೆ ಕಾರಣ. ಬೆಳೆಗಾಗಿ ಹುಟ್ಟಿದ ಈ ಲೆಕ್ಕವು ಜೀವಗಳನ್ನೂ ಕಾಯಬಲ್ಲದೆ ಎಂಬುದು ಈ ಹೊತ್ತು ನಾವು ವಿಚಾರಿಸಬೇಕಾದ ವಿಷಯ.

ಗುಡ್ಡವು ಕುಸಿಯುವುದೇಕೆ? ಮಣ್ಣು ಒಂದು ಮಿತಿಯವರೆಗೆ ನೀರನ್ನು ಹೀರುತ್ತದೆ. ದಿನಗಟ್ಟಲೆ ಮಳೆ ಸುರಿದರೆ ಕಣಗಳ ನಡುವಣ ಎಡೆಯೆಲ್ಲ ನೀರಿನಿಂದ ತುಂಬಿ, ಅದರ ಒತ್ತಡದಿಂದ ಮಣ್ಣಿನ ಹಿಡಿತ ಸಡಿಲವಾಗುತ್ತದೆ, ಭಾರವೂ ಹೆಚ್ಚುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡವನ್ನು ಕಡಿದಿದ್ದರೆ, ನೀರು ಹರಿಯುವ ತೋಡನ್ನು ಮುಚ್ಚಿದ್ದರೆ, ಇಳಿಜಾರು ಬೇಗನೆ ಜಾರುತ್ತದೆ. ೨೦೧೮ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆಯಲ್ಲಿಯೂ, ೨೦೧೯ರಲ್ಲಿ ವಿರಾಜಪೇಟೆಯ ಬಳಿಯ ತೋರದಲ್ಲಿಯೂ, ೨೦೨೦ರಲ್ಲಿ ತಲಕಾವೇರಿಯಲ್ಲಿಯೂ ಕೊಡಗು ಇದನ್ನು ಕಂಡಿತು. ಆದುದರಿಂದ ಇಂದಿನ ಮಳೆಯಷ್ಟನ್ನೇ ನೋಡಿದರೆ ಸಾಲದು. ಹಿಂದಿನ ನಾಲ್ಕಾರು ದಿನಗಳ ಮೊತ್ತವೂ ಬೇಕು. ಮಲೆಯಲ್ಲಿ ಮಳೆಯು ಗುಡ್ಡದಿಂದ ಗುಡ್ಡಕ್ಕೆ ಬೇರೆಯಾಗುವುದರಿಂದ ದೂರದ ಒಂದು ಮಾಪಕದ ಲೆಕ್ಕ ಎಲ್ಲ ಊರಿಗೂ ಸಲ್ಲುವುದಿಲ್ಲ.

ನೆರೆಯ ವಯನಾಡಿನಲ್ಲಿ, ಕಲ್ಪೆಟ್ಟದ ಹ್ಯೂಮ್ ಕೇಂದ್ರವೆಂಬ ಸಂಸ್ಥೆಯು ಊರವರೇ ಅಳೆದ ಮಳೆಯ ಲೆಕ್ಕವನ್ನು ಅನೇಕ ಕಡೆಗಳಿಂದ ಕೂಡಿಸುತ್ತದೆ. ೨೦೨೦ರಲ್ಲಿ ತಾವು ಕೊಟ್ಟ ಎಚ್ಚರಿಕೆಯಿಂದ ಮುಂಡಕ್ಕೈಯ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಯಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ೨೦೨೪ರ ಜುಲೈ ೨೯ರಂದೂ ಎಚ್ಚರಿಕೆ ಕೊಟ್ಟೆವೆನ್ನುತ್ತಾರೆ. ಆ ರಾತ್ರಿ ಕಳೆಯುವ ಮುನ್ನ ಗುಡ್ಡವಿಳಿದು ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ೨೦೦ಕ್ಕೂ ಹೆಚ್ಚು ಮಂದಿ ಮಡಿದರು. ಅಳತೆಯೊಂದೇ ಯಾರನ್ನೂ ಕಾಪಾಡಲಾರದು. ಅದು ಮನೆಯ ಬಾಗಿಲನ್ನು ಮುಟ್ಟಬೇಕು, ಮನೆಯವರು ಹೊರಡಬೇಕು, ಹೊರಟವರಿಗೆ ಹೋಗಲು ಸ್ಥಳವಿರಬೇಕು.

ಇದರಲ್ಲಿ ಸರ್ಕಾರದ ಪಾಲು ಯಾವುದು, ಊರಿನ ಪಾಲು ಯಾವುದು? ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಪಂಚಾಯತಿಗಳೂ ಹೊಣೆಯುಳ್ಳ ಸ್ಥಳೀಯ ಸಂಸ್ಥೆಗಳೇ. ರಸ್ತೆಯನ್ನು ಮುಚ್ಚುವುದು, ಶಾಲೆಯನ್ನು ಆಶ್ರಯಕ್ಕೆ ತೆರೆಯುವುದು, ವಾಹನವನ್ನೊದಗಿಸುವುದು ಅಧಿಕಾರವುಳ್ಳವರ ಕೆಲಸ. ಆದರೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ಯಾವ ತೋಡು ಕೆಸರಾಗಿ ಹರಿಯತೊಡಗಿದೆ, ಯಾವ ಅಂಗಳ ಬಿರುಕು ಬಿಟ್ಟಿದೆ ಎಂಬುದನ್ನು ಬಲ್ಲವರು ನೆರೆಯವರು. ಕೊಡಗಿಗೆ ಇದು ಹೊಸದಲ್ಲ. ಮದುವೆಗೂ ಮರಣಕ್ಕೂ ಕೇರಿಯವರು ಕೂಡಿ ದುಡಿಯುವ ಕ್ರಮವೂ, ಸಾವಿನ ಸುದ್ದಿಯನ್ನು ಕೋವಿಯ ಸದ್ದಿನಿಂದ ಊರಿಗೆ ತಿಳಿಸುವ ಪದ್ಧತಿಯೂ ಅಲ್ಲಿ ಹಿಂದಿನಿಂದ ಬಂದಿವೆ. ಸಾವಿನ ಅನಂತರ ಕೂಡುವ ಕೇರಿಯು ಸಾವಿಗೆ ಮುನ್ನವೂ ಕೂಡಬೇಕು.

ಕುಟ್ಟದಂತಹ ಊರಿನಲ್ಲಿ ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕೇರಿಗೊಬ್ಬರು ದಿನವೂ ಒಂದೇ ಹೊತ್ತಿನಲ್ಲಿ ಮಳೆಯನ್ನಳೆದು ಪಂಚಾಯತಿಗೆ ತಿಳಿಸಲಿ. ಒಂದು ದಿನದಲ್ಲಿ ೨೦೪.೫ ಮಿಲಿಮೀಟರು, ಅಂದರೆ ಸುಮಾರು ೮ ಇಂಚು ದಾಟಿದ ಮಳೆಯನ್ನು ಹವಾಮಾನ ಇಲಾಖೆಯು ಅತ್ಯಂತ ಭಾರಿಯೆಂದು ಎಣಿಸುತ್ತದೆ. ಮೊದಲೇ ನೆನೆದ ಗುಡ್ಡಕ್ಕೆ ಅದಕ್ಕಿಂತ ಕಡಿಮೆಯೂ ಸಾಕು. ಎಷ್ಟಾದರೆ ಏಳಬೇಕು, ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ಭೂವಿಜ್ಞಾನ ಬಲ್ಲವರನ್ನು ಕೇಳಿ ಗ್ರಾಮಸಭೆಯಲ್ಲಿ ಮೊದಲೇ ಗೊತ್ತುಮಾಡಬೇಕು.

ಇನ್ನೊಂದು ಮಾತು ಮುಖ್ಯವಾದುದು. ಮಳೆಯ ಪುಸ್ತಕವಿರುವುದು ತೋಟದ ಬಂಗಲೆಯಲ್ಲಿ. ಯರವರೂ ಕುರುಬರೂ ಹೊರಗಿನಿಂದ ಬಂದ ಕೂಲಿಯವರೂ ಇರುವುದು ಲೈನ್‌ಮನೆಗಳಲ್ಲಿ. ಎಚ್ಚರಿಕೆಯ ಪಟ್ಟಿಯಲ್ಲಿ ಅವರ ಹೆಸರು ಮೊದಲು ಬರಬೇಕು. ನಗರದಲ್ಲಿ ನೆಲೆಸಿ ಮಲೆನಾಡಿನಲ್ಲಿ ತೋಟವನ್ನಿಟ್ಟುಕೊಂಡವರು ನಮ್ಮಲ್ಲಿ ಹಲವರುಂಟು. ಲೈನ್‌ಮನೆಯು ಕಡಿದ ಗುಡ್ಡದ ಕೆಳಗಿದೆಯೇ, ತೋಡಿನ ದಾರಿಯಲ್ಲಿದೆಯೇ ಎಂದು ಕಕ್ಕಡದ ಮಳೆಗೆ ಮುಂಚೆ ಒಮ್ಮೆ ಹೋಗಿ ನೋಡಿ ಬರುವುದು ಅವರ ಪಾಲಿನ ಕೆಲಸ.